ಪರೀಕ್ಷೆಯನ್ನು ಬಿಟ್ಟ ವಿದ್ಯಾರ್ಥಿ: ಆಚಾರ್ಯ ವಿನೋಬಾ ಭಾವೆ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿಯೂ ಒಂದು ಬಗೆಯ ಕಳವಳವು ತಲೆದೋರುವದು. ಮಗನು ಕಾಲೇಜನ್ನು ಮುಗಿಸುವನೋ ಇಲ್ಲವೋ, ಮುಗಿಸಿದರೆ ಮುಂದೇನು, ಮುಗಿಸದಿದ್ದರೆ ಗತಿಯೇನು ಎಂಬ ಪ್ರಶ್ನೆಗಳು ತಾಯಿತಂದೆಗಳ ನಿದ್ದೆಯನ್ನು ಕೆಡಿಸುವವು. ಇದೇ ಹೊತ್ತಿಗೆ ಮಗನ ಮನಸ್ಸಿನಲ್ಲಿಯೂ ಒಂದು ತುಮುಲವು ನಡೆದಿರುತ್ತದೆ. ತರಗತಿಯಲ್ಲಿ ಕಲಿಸುವ ಪಾಠವು ಅವನಿಗೆ ರುಚಿಸುವದಿಲ್ಲ. ಮನಸ್ಸು ಬೇರೊಂದು ದಾರಿಯನ್ನು ನೋಡುತ್ತಿರುತ್ತದೆ. ಆ ದಾರಿಯನ್ನು ಹಿಡಿಯಬೇಕೆಂದರೆ ಹಿರಿಯರ ಆಶಾಭಂಗವನ್ನು ಮಾಡಬೇಕಾಗುವದು. ಹಿಡಿಯದಿದ್ದರೆ ತನ್ನ ಅಂತಃಕರಣಕ್ಕೆ ದ್ರೋಹ ಬಗೆದಂತಾಗುವದು. ಈ ಇಕ್ಕಟ್ಟು ಹೊಸದಲ್ಲ. ನಮ್ಮ ದೇಶದಲ್ಲಿ ಇಂಗ್ಲಿಷ್ ಕಾಲೇಜುಗಳು ಆರಂಭವಾದಂದಿನಿಂದಲೂ ಇದು ಇದ್ದೇ ಇದೆ. ಇದನ್ನು ಕುರಿತು ಉಪದೇಶ ಮಾಡುವವರು ಬಹಳ. ಆದರೆ ಉಪದೇಶಕ್ಕಿಂತ ಒಂದು ಜೀವನವನ್ನು ಎದುರಿಗಿಟ್ಟುಕೊಂಡು ನೋಡುವದು ಹೆಚ್ಚು ಫಲಕಾರಿಯೆಂದು ನಾವು ತಿಳಿಯುತ್ತೇವೆ. ಆದುದರಿಂದ 1916ನೆಯ ಇಸವಿಯಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಬಡೋದೆಯಿಂದ ಹೊರಟು, ಪರೀಕ್ಷೆಯ ಮಂದಿರವನ್ನು ಮುಟ್ಟದೆ ಹೋದ ಓರ್ವ ವಿದ್ಯಾರ್ಥಿಯ ಕಥೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಆ ವಿದ್ಯಾರ್ಥಿಯ ಹೆಸರು ವಿನಾಯಕ ನರಹರಿ ಭಾವೆ. ಮುಂದೆ ಲೋಕವು ಅವರನ್ನು ಆಚಾರ್ಯ ವಿನೋಬಾ ಎಂದು ಕರೆಯಿತು. ಅವರು 1895ನೆಯ ಇಸವಿಯ ಸಪ್ಟೆಂಬರ 11ರಂದು ಕೊಂಕಣದ ಕೊಲಾಬಾ ಜಿಲ್ಲೆಯ ಗಾಗೋದೆ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ಅಜ್ಜ ಶಂಭುರಾವ ಭಾವೆಯವರು ಧರ್ಮನಿಷ್ಠರು. ಮೊಮ್ಮಗನ ಬಾಲ್ಯವು ಅವರ ನೆರಳಿನಲ್ಲಿಯೇ ಕಳೆಯಿತು. ತಂದೆ ನರಹರಿಪಂತರು ಹೊಸ ಕಾಲದವರು. ಬಡೋದೆಯಲ್ಲಿ ನೌಕರಿ ಮಾಡಿಕೊಂಡಿದ್ದು, ಬಣ್ಣಗಳ ಬಗೆಗೆ ರಸಾಯನಶಾಸ್ತ್ರದ ಪ್ರಯೋಗಗಳನ್ನು ನಡೆಸುತ್ತಿದ್ದರು. ಲೆಕ್ಕಾಚಾರ, ಕ್ರಮ, ಕಾಲನಿಷ್ಠೆ ಇವೇ ಅವರ ದೈವಗಳು. ತಾಯಿ ರುಕ್ಮಿಣೀಬಾಯಿಯವರು ಕರ್ನಾಟಕದ ಮೂಲದವರು. ಆ ಸಾಧ್ವಿಯು ಮನೆಗೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದ ಭಕ್ತಿಗೀತೆಗಳಲ್ಲಿ ಕನ್ನಡದ ಹಾಡುಗಳೂ ಇದ್ದುವೆಂಬದನ್ನು ಕನ್ನಡಿಗರಾದ ನಾವು ನೆನೆಯುವದು ಸಹಜವೇ ಆಗಿದೆ. ಓದುಬರಹ ಅವರಿಗೆ ಅಷ್ಟಾಗಿ ಇರಲಿಲ್ಲ. ಆದರೂ ಮಗನ ಜೀವನದ ಮೇಲೆ ಯಾವ ಕಾಲೇಜೂ ಮೂಡಿಸದ ಮುದ್ರೆಯನ್ನು ಆ ತಾಯಿಯು ಮೂಡಿಸಿದಳು.

ಈ ಮನೆಯ ಒಂದು ಸಣ್ಣ ಪ್ರಸಂಗವು ಮುಂದಿನದಕ್ಕೆಲ್ಲ ಬೀಗದ ಕೈಯಂತಿದೆ. ತಾಯಿಯು ದೇವರಿಗೆ ಒಂದು ಲಕ್ಷ ಅಕ್ಕಿಕಾಳುಗಳನ್ನು ಅರ್ಪಿಸುವ ವ್ರತವನ್ನು ಕೈಕೊಂಡು, ದಿನಾಲು ಒಂದೊಂದೇ ಕಾಳನ್ನು ಎಣಿಸುತ್ತ ಕೂಡುತ್ತಿದ್ದಳು. ತಂದೆಯವರು ಇದನ್ನು ನೋಡಿ, ಒಂದು ತೊಲೆಯಲ್ಲಿ ಎಷ್ಟು ಕಾಳುಗಳಾಗುವವೆಂದು ತೂಗಿ ಲೆಕ್ಕ ಹಾಕಿದರೆ ಕೆಲಸವು ಕ್ಷಣದಲ್ಲಿ ತೀರುವದೆಂದೂ, ಕೊರತೆಯಾದೀತೆಂಬ ಸಂಶಯವಿದ್ದರೆ ಒಂದಿಷ್ಟು ಹೆಚ್ಚಿಗೆ ಹಾಕಿದರಾಯಿತೆಂದೂ ಸೂಚಿಸಿದರು. ತಾಯಿಗೆ ಉತ್ತರ ತೋಚಲಿಲ್ಲ, ಮಗನನ್ನು ಕೇಳಿದಳು. ಇದು ಬರಿಯ ಲೆಕ್ಕದ ಮಾತಲ್ಲ, ಒಂದೊಂದು ಕಾಳಿನ ಸಂಗಡ ಮನಸ್ಸು ದೇವರಲ್ಲಿ ನೆಲೆಗೊಳ್ಳುವದೇ ಇದರ ಸಾರವೆಂದು ಹುಡುಗನು ತಿಳಿಸಿದನು. ತಂದೆಯ ಗಣಿತವೂ ತಾಯಿಯ ಭಕ್ತಿಯೂ ಆ ಹುಡುಗನಲ್ಲಿ ಒಂದಾಗಿದ್ದುವು. ಗಣಿತವು ಅವರಿಗೆ ಜೀವನದುದ್ದಕ್ಕೂ ಪ್ರಿಯವಾದ ಶಾಸ್ತ್ರವಾಗಿತ್ತು. ಆದರೆ ಯಾವುದನ್ನು ತೂಗಬೇಕು, ಯಾವುದನ್ನು ತೂಗಬಾರದು ಎಂಬ ವಿವೇಕವು ಅವರಿಗೆ ತಾಯಿಯಿಂದ ಬಂದಿತೆಂದೇ ಹೇಳಬೇಕು.

ತಂದೆಯವರ ಆಸೆಯು ಸ್ಪಷ್ಟವಾಗಿತ್ತು. ಮಗನು ಬುದ್ಧಿವಂತನು, ಕಾಲೇಜನ್ನು ಮುಗಿಸಿ ವಿಲಾಯತಿಗೆ ಹೋಗಬೇಕು, ಬ್ಯಾರಿಸ್ಟರನಾಗಿ ತಿರುಗಿ ಬರಬೇಕು. ಅದಕ್ಕಾಗಿಯೇ ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚನ್ನು ಓದಿಸಿದರು. ಬ್ರಾಹ್ಮಣರ ಮನೆಯ ಹುಡುಗನು ಸಂಸ್ಕೃತವನ್ನು ಕಲಿಯದಿರುವದೆ ಎಂದು ತಾಯಿಯು ನೊಂದುಕೊಂಡಳು. ಮಗನು ಶಾಲೆಯಲ್ಲಿ ಫ್ರೆಂಚನ್ನೂ ಮನೆಯಲ್ಲಿ ಸಂಸ್ಕೃತವನ್ನೂ ಕಲಿತು ಇಬ್ಬರ ಮಾತನ್ನೂ ಉಳಿಸಿದನು. ಹತ್ತು ವರ್ಷದ ಬಾಲಕನಿರುವಾಗಲೇ ಬ್ರಹ್ಮಚರ್ಯದ ಸಂಕಲ್ಪವನ್ನು ಮನಸ್ಸಿನಲ್ಲಿ ಮಾಡಿದ್ದನು. ಶಂಕರಾಚಾರ್ಯರೂ ಸಮರ್ಥ ರಾಮದಾಸರೂ ಮನೆಯನ್ನು ಬಿಟ್ಟು ಹೊರಟ ಕಥೆಗಳು ಅವನ ಚಿತ್ತವನ್ನು ಸದಾ ಸೆಳೆಯುತ್ತಿದ್ದುವು. ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಿ ಬಡೋದೆಯ ಕಾಲೇಜನ್ನು ಸೇರಿದನು. ತರಗತಿಯಲ್ಲಿ ಕುಳಿತದ್ದಕ್ಕಿಂತ ಬಡೋದೆಯ ದೊಡ್ಡ ಗ್ರಂಥಾಲಯದಲ್ಲಿ ಕುಳಿತದ್ದೇ ಹೆಚ್ಚು. ಅದು ಸಾಲದಾದರೆ ಗೆಳೆಯರೊಡನೆ ಮೈಲುಗಟ್ಟಲೆ ನಡೆಯುತ್ತ ಚರ್ಚೆ ಮಾಡುವದು. 1914ರ ಹೊತ್ತಿಗೆ ಈ ಗೆಳೆಯರು ಕೂಡಿ ಒಂದು ವಿದ್ಯಾರ್ಥಿಮಂಡಲವನ್ನು ಸ್ಥಾಪಿಸಿ, ಸಾಧುಸಂತರನ್ನೂ ದೇಶಭಕ್ತರನ್ನೂ ಕುರಿತು ವ್ಯಾಖ್ಯಾನಗಳನ್ನು ನಡೆಸಹತ್ತಿದರು.

ಇಲ್ಲಿ ನಾವು ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಈ ಹುಡುಗನು ಅಭ್ಯಾಸದಲ್ಲಿ ಹಿಂದೆ ಬಿದ್ದು ಬೇಸತ್ತವನಲ್ಲ; ಪರೀಕ್ಷೆಯಲ್ಲಿ ನಪಾಸಾದೇನೆಂಬ ಭೀತಿಯಿಂದ ದಾರಿ ತಪ್ಪಿಸಿಕೊಂಡವನಲ್ಲ. ಗಣಿತದಲ್ಲಿ ಅವನ ಬುದ್ಧಿಯು ಕತ್ತಿಯ ಅಲಗಿನಂತೆ ನಡೆಯುತ್ತಿತ್ತು, ಸ್ಮರಣಶಕ್ತಿಯು ಅಸಾಧಾರಣವಾದುದಾಗಿತ್ತು. ಪಾಸಾಗುವ ಸಾಮರ್ಥ್ಯವಿದ್ದೂ ಪಾಸಾಗುವದರಿಂದ ತನಗೆ ಬೇಕಾದುದು ದೊರೆಯಲಾರದೆಂದು ಕಂಡುಕೊಂಡವನು ಅವನು. ಇವೆರಡರಲ್ಲಿರುವ ಅಂತರವನ್ನು ಮರೆತವರು ಈ ಕಥೆಯನ್ನು ತಪ್ಪಾಗಿ ಓದುವರು.

1916ನೆಯ ಇಸವಿಯ ಆರಂಭದ ದಿನಗಳಲ್ಲಿ ಒಮ್ಮೆ ತಾಯಿಯು ಒಲೆಯ ಮುಂದೆ ಅಡಿಗೆಯನ್ನು ಮಾಡುತ್ತಿದ್ದಳು. ಮಗನು ಬಂದು ಕುಳಿತು, ಕೈಯಲ್ಲಿದ್ದ ಕಾಗದಗಳನ್ನು ಸುರುಳಿ ಮಾಡಿ ಬೆಂಕಿಗೆ ಹಿಡಿದನು. ಏನನ್ನು ಸುಡುತ್ತಿರುವೆಯೆಂದು ತಾಯಿಯು ಕೇಳಲಾಗಿ, ಮ್ಯಾಟ್ರಿಕ್ ಮೊದಲಾದ ತನ್ನ ಸರ್ಟಿಫಿಕೇಟುಗಳನ್ನೆಂದು ಉತ್ತರ ಬಂದಿತು. ಇಂದಲ್ಲದಿದ್ದರೆ ನಾಳೆ ಅವು ಬೇಕಾದಾವು, ಇದ್ದರೆ ಕೆಡುವದೇನೆಂದು ಆ ತಾಯಿಯು ಹೇಳಿ ನೋಡಿದಳು. ತಾನು ಎಂದಿಗೂ ನೌಕರಿಯನ್ನು ಮಾಡತಕ್ಕವನಲ್ಲವಾದುದರಿಂದ ಅವು ಬೇಡವೆಂದು ಮಗನು ಹೇಳಿ ಕೆಲಸವನ್ನು ಪೂರೈಸಿದನು. ತಾಯಿಯು ಮುಂದೆ ಮಾತನಾಡಲಿಲ್ಲ. ಸರಕಾರದ ನೌಕರಿಯೇ ಮೋಕ್ಷವೆಂದು ಮಧ್ಯಮವರ್ಗದ ಕುಟುಂಬಗಳು ತಿಳಿದಿದ್ದ ಕಾಲವದು. ಆ ಕಾಗದದ ತುಣುಕುಗಳ ಬೆಲೆಯೇನೆಂಬದು ನಮ್ಮ ವಾಚಕರಲ್ಲಿ ಕಚೇರಿಯ ಕೆಲಸದಲ್ಲಿರುವವರಿಗೆ ನಾವು ಹೇಳಬೇಕಾದುದಿಲ್ಲ.

ಅದೇ ವರ್ಷದ ಮಾರ್ಚ 25ರಂದು ವಿನಾಯಕನು ಕೆಲವರು ಗೆಳೆಯರ ಸಂಗಡ ಇಂಟರ್‌ಮೀಡಿಯೆಟ್ ಪರೀಕ್ಷೆಗಾಗಿ ಮುಂಬಯಿಯ ಗಾಡಿಯನ್ನು ಹತ್ತಿದನು. ಗಾಡಿಯು ಸುರತವನ್ನು ಮುಟ್ಟಿದಾಗ ಇಳಿದುಬಿಟ್ಟನು. ಬೇರೆ ಗಾಡಿಯನ್ನು ಹಿಡಿದು ಕಾಶಿಯ ದಾರಿಯಲ್ಲಿ ಹೊರಟನು. ಪರೀಕ್ಷೆಗೆ ಹೋಗದೆ ಬೇರೆಡೆಗೆ ಹೋಗುತ್ತಿರುವೆನೆಂದೂ, ತನ್ನಿಂದ ಅನುಚಿತವಾದ ಕಾರ್ಯವಾವುದೂ ನಡೆಯಲಾರದೆಂಬ ಭರವಸೆಯನ್ನಿಡಬೇಕೆಂದೂ ತಂದೆಗೆ ಪತ್ರ ಬರೆದನು. ಆ ಪತ್ರವು ಕೈಗೆ ಬಂದಾಗ ನರಹರಿಪಂತರ ಮನಸ್ಸಿಗೆ ಏನಾಗಿರಬೇಕೆಂಬದನ್ನು ಪ್ರತಿಯೊಬ್ಬ ತಂದೆಯೂ ಊಹಿಸಬಲ್ಲನು. ಎಷ್ಟೋ ವರ್ಷಗಳಿಂದ ಒಂದೊಂದೇ ಕಲ್ಲನ್ನಿಟ್ಟು ಕಟ್ಟಿದ ಮನೋರಥವು ಒಂದು ಕಾಗದದಿಂದ ಕುಸಿದುಬಿದ್ದಿತು. ಹುಡುಗನು ಕೆಲವು ದಿನಗಳಲ್ಲಿ ತಿರುಗಿ ಬಂದಾನೆಂದು ಅವರು ಸಮಾಧಾನ ತಂದುಕೊಂಡರು. ಮಗನ ಸ್ವಭಾವವನ್ನು ಬಲ್ಲ ತಾಯಿಯು ಹಾಗೆ ಭಾವಿಸಲಿಲ್ಲ.

ಕಾಶಿಗೇ ಏಕೆ ಹೋದನು? ಆ ಕಾಲದ ತರುಣನ ಚಿತ್ತದಲ್ಲಿ ಎರಡು ಆಕರ್ಷಣೆಗಳಿದ್ದುವು. ಒಂದು ಹಿಮಾಲಯದ ಶಾಂತಿ; ಇನ್ನೊಂದು ಬಂಗಾಲದ ಕ್ರಾಂತಿ. ಬ್ರಹ್ಮಜ್ಞಾನವನ್ನು ಪಡೆಯಬೇಕೆಂಬ ಹಂಬಲವೂ ಪರತಂತ್ರದೇಶವನ್ನು ಬಿಡಿಸಬೇಕೆಂಬ ಕಿಚ್ಚೂ ಏಕಕಾಲಕ್ಕೆ ಎದೆಯಲ್ಲಿದ್ದುವು. ಕಾಶಿಯು ಎರಡೂ ದಾರಿಗಳ ನಡುವಿನ ಠಾಣ್ಯವು. ಅದಲ್ಲದೆ ಸಂಸ್ಕೃತವಿದ್ಯೆಯ ಪೀಠವು. ಅಲ್ಲಿ ಗಂಗೆಯ ದಂಡೆಯ ಮೇಲೆ ದಿನ ಕಳೆಯುತ್ತ, ಅನ್ನಛತ್ರದಲ್ಲಿ ಒಂದು ಹೊತ್ತಿನ ಊಟವನ್ನು ಮಾಡಿ, ಅಲ್ಲಿ ಸಿಗುವ ಎರಡು ಪೈಸೆಯ ದಕ್ಷಿಣೆಯಿಂದ ಇನ್ನೊಂದು ಹೊತ್ತಿನ ಹಸಿವನ್ನು ನೀಗಿಸಿಕೊಂಡು, ಗ್ರಂಥಾಲಯದಲ್ಲಿ ಧರ್ಮಗ್ರಂಥಗಳನ್ನು ಓದುತ್ತಿದ್ದನು. ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸವನ್ನು ಹಿಡಿದು, ತಿಂಗಳಿಗೆ ಎರಡೇ ರೂಪಾಯಿ ಸಂಬಳವನ್ನು ಕೇಳಿದನು. ತನ್ನ ಅವಶ್ಯಕತೆಗೆ ಅಷ್ಟೇ ಸಾಕಾಗಿತ್ತು. ಅವನನ್ನು ನಂಬಿ ಜತೆಗೆ ಬಂದಿದ್ದ ಗೆಳೆಯನೊಬ್ಬನು ಅಲ್ಲಿ ಕಾಯಿಲೆಬಿದ್ದು ತೀರಿಕೊಂಡನು. ಪರಸ್ಥಳದಲ್ಲಿ, ಇಪ್ಪತ್ತೊಂದು ವರ್ಷವೂ ತುಂಬದ ತರುಣನು ತನ್ನ ಕೈಯಾರೆ ಗಂಗಾತೀರದಲ್ಲಿ ಗೆಳೆಯನ ಅಂತ್ಯಕ್ರಿಯೆಯನ್ನು ಮಾಡಬೇಕಾಯಿತು. ಮನೆಯನ್ನು ಬಿಟ್ಟು ಹೊರಡುವದು ಕೇಳುವದಕ್ಕೆ ರಮ್ಯವಾದ ಕಥೆ. ಆ ದಾರಿಯ ಬೆಲೆಯು ಎಂತಹದೆಂಬದನ್ನು ಈ ಚಿತೆಯು ತೋರಿಸುತ್ತದೆ.

ಆ ವರ್ಷದ ಫೆಬ್ರುವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಅಸ್ತಿಭಾರದ ಮಹೋತ್ಸವವು ನಡೆದಿತ್ತು. ಆ ಸಮಾರಂಭದಲ್ಲಿ ಮೋಹನದಾಸ ಗಾಂಧಿಯವರು ರಾಜಮಹಾರಾಜರ ಆಭರಣಗಳನ್ನೂ, ಪರಭಾಷೆಯಲ್ಲಿ ಮಾತನಾಡಬೇಕಾದ ನಾಚಿಕೆಯನ್ನೂ, ದೇಶದ ಬಡತನವನ್ನೂ, ಭಯವನ್ನೂ ಕುರಿತು ನಿರ್ಭೀತಿಯಿಂದ ಮಾತನಾಡಿ ಸಭೆಯಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿದ್ದರು. ವಿನಾಯಕನು ಕಾಶಿಗೆ ಬಂದಾಗ ಆ ಭಾಷಣದ ಮಾತು ಊರಲ್ಲಿ ಇನ್ನೂ ನಡೆದೇ ಇತ್ತು. ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದನು, ಸಂಶಯಗಳು ಹುಟ್ಟಿದುವು, ಗಾಂಧಿಯವರಿಗೆ ಪತ್ರ ಬರೆದನು. ಉತ್ತರ ಬಂದಿತು. ಮತ್ತೆ ಕೇಳಿದನು. ಇಂತಹ ಪ್ರಶ್ನೆಗಳು ಪತ್ರಗಳಿಂದ ಬಗೆಹರಿಯುವವಲ್ಲ, ಬಾಳಿನಿಂದ ಬಗೆಹರಿಯತಕ್ಕವು, ಆಶ್ರಮಕ್ಕೆ ಬಂದು ನೋಡಬೇಕೆಂದು ಒಂದು ಕಾರ್ಡು ಬಂದಿತು. 1916ನೆಯ ಇಸವಿಯ ಜೂನ 7ರಂದು ಅಹಮದಾಬಾದದ ಕೋಚರಬ ಆಶ್ರಮದಲ್ಲಿ ಗುರುಶಿಷ್ಯರ ಮೊದಲನೆಯ ಭೆಟ್ಟಿಯಾಯಿತು. ಗುರುವು ಆ ಹೊತ್ತಿಗೆ ಅಡಿಗೆಯ ಮನೆಯಲ್ಲಿ ಕಾಯಿಪಲ್ಲೆಯನ್ನು ಹೆಚ್ಚುತ್ತಿದ್ದರು. ಬಂದವನ ಕೈಗೂ ಒಂದು ಚಾಕುವನ್ನು ಕೊಟ್ಟರು. ದೇಶದ ನಾಯಕನೊಬ್ಬನು ಕಾಯಿಪಲ್ಲೆ ಹೆಚ್ಚುವದನ್ನು ಆ ತರುಣನು ಅದಕ್ಕೂ ಮೊದಲು ಕಂಡಿರಲಿಲ್ಲ. ಶರೀರಶ್ರಮದ ಮೊದಲನೆಯ ಪಾಠವು ಅಲ್ಲಿಯೇ ಆಯಿತು. ಹಿಮಾಲಯದ ಶಾಂತಿಯೂ ಬಂಗಾಲದ ಕ್ರಾಂತಿಯೂ ಒಬ್ಬನೇ ಮನುಷ್ಯನಲ್ಲಿ ತನಗೆ ದೊರೆತುವೆಂದು ಅವರು ಮುಂದೆ ಹೇಳುತ್ತಿದ್ದರು. ಮಗನ ಸುದ್ದಿಯಿಲ್ಲದೆ ತಾಯಿತಂದೆಗಳು ಕೊರಗುತ್ತಿರುವರೆಂದು ತಿಳಿದ ಗಾಂಧಿಯವರು ತಾವಾಗಿಯೇ ನರಹರಿಪಂತರಿಗೆ ಪತ್ರ ಬರೆದು, ಮಗನು ತಮ್ಮಲ್ಲಿರುವನೆಂದೂ, ತಾವು ಬಹುಕಾಲದ ಪ್ರಯತ್ನದಿಂದ ಪಡೆದುದನ್ನು ಈ ಎಳೆಯ ವಯಸ್ಸಿನಲ್ಲಿಯೇ ಅವನು ಸಾಧಿಸಿರುವನೆಂದೂ ತಿಳಿಸಿದರು. ವಿನೋಬಾ ಎಂಬ ಹೆಸರೂ ಆಶ್ರಮದಲ್ಲಿಯೇ ಬಂದುದು.

ಇನ್ನು ಮುಂದಿನದೇ ನಮ್ಮ ಕಥೆಯ ಮುಖ್ಯ ಭಾಗ. ಆಶ್ರಮವನ್ನು ಸೇರಿದ ಮೇಲೆ ಅಭ್ಯಾಸವು ಮುಗಿಯಿತೆಂದು ವಿನೋಬಾರು ತಿಳಿಯಲಿಲ್ಲ. 1917ರಲ್ಲಿ ಒಂದು ವರ್ಷದ ರಜೆಯನ್ನು ಬೇಡಿ, ಸಾತಾರಾ ಜಿಲ್ಲೆಯ ವಾಯಿಯಲ್ಲಿ ನಾರಾಯಣಶಾಸ್ತ್ರಿ ಮರಾಠೆಯವರ ಪ್ರಾಜ್ಞ ಪಾಠಶಾಲೆಯಲ್ಲಿ ವೇದಾಂತದ ಅಧ್ಯಯನಕ್ಕೆ ನಿಂತರು. ಉಪನಿಷತ್ತುಗಳು, ಗೀತೆ, ಶಾಂಕರಭಾಷ್ಯಸಹಿತವಾದ ಬ್ರಹ್ಮಸೂತ್ರಗಳು, ಪಾತಂಜಲ ಯೋಗದರ್ಶನ ಇವುಗಳನ್ನು ಗುರುಮುಖದಿಂದ ಓದಿದರು. ಓದಿನ ಜತೆಗೆ ಹಳ್ಳಿಹಳ್ಳಿಗಳಿಗೆ ಕಾಲುನಡಿಗೆಯಿಂದ ಹೋಗಿ ಗೀತೆಯನ್ನು ಕುರಿತು ಪ್ರವಚನ ಮಾಡಿದರು. ಅಲ್ಲಿಯ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಬೀಸುವ ಕಲ್ಲಿಗೆ ಕೈಹಚ್ಚಿ, ಜನರ ಹಿಟ್ಟನ್ನು ಬೀಸಿಕೊಟ್ಟು, ಆ ಕೂಲಿಯಿಂದ ಒಂದು ವಾಚನಾಲಯಕ್ಕೆ ಪುಸ್ತಕಗಳನ್ನು ಕೊಂಡರು. ಒಂದು ವರ್ಷದ ಅವಧಿಯು ಮುಗಿದ ದಿನವೇ ಆಶ್ರಮದಲ್ಲಿ ತಿರುಗಿ ಹಾಜರಾದರು. ಕಾಲೇಜಿನ ಹಾಜರಿಪುಸ್ತಕದಿಂದ ತಪ್ಪಿಸಿಕೊಂಡ ವಿದ್ಯಾರ್ಥಿಯು ಅದಕ್ಕಿಂತ ಬಿಗಿಯಾದ ಹಾಜರಿಯನ್ನು ತನ್ನ ಮೇಲೆ ತಾನೇ ಹೇರಿಕೊಂಡಿದ್ದನು. ಯಾರೂ ಪರೀಕ್ಷೆ ಮಾಡದಿರುವಾಗ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಈ ಶಕ್ತಿಯೇ ಅವರ ನಿಜವಾದ ಸರ್ಟಿಫಿಕೇಟು.

ಈ ಅಧ್ಯಯನವು ಕೊನೆಯವರೆಗೂ ನಿಲ್ಲಲಿಲ್ಲ. ತಾಯಿಯು 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ ತೀರಿಕೊಂಡಳು. ಸಂಸ್ಕೃತದ ಗೀತೆಯು ತನಗೆ ತಿಳಿಯದು, ನೀನೇ ಅದನ್ನು ಮರಾಠಿಯಲ್ಲಿ ಏಕೆ ಬರೆಯಬಾರದೆಂದು ಆಕೆಯು ಒಮ್ಮೆ ಮಗನನ್ನು ಕೇಳಿದ್ದಳು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಆಕೆಯು ಕಣ್ಮರೆಯಾದ ಎಷ್ಟೋ ವರ್ಷಗಳ ತರುವಾಯ, 1930ರ ಅಕ್ಟೋಬರದಿಂದ 1931ರ ಫೆಬ್ರುವರಿಯ ವರೆಗೆ ಕುಳಿತು ಗೀತೆಯನ್ನು ಮರಾಠಿ ಪದ್ಯದಲ್ಲಿ ಬರೆದರು. ಅದೇ ಗೀತಾಈ ಎಂದು ಪ್ರಸಿದ್ಧವಾಗಿದೆ. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ಅವರು ಸಹಬಂದಿಗಳಿಗೆ ಕೊಟ್ಟ ಗೀತಾಪ್ರವಚನಗಳನ್ನು ಸಾನೆ ಗುರೂಜಿಯವರು ಬರೆದುಕೊಂಡರು. ಆ ಗ್ರಂಥವು ಕನ್ನಡವೂ ಸೇರಿ ಭಾರತದ ಅನೇಕ ಭಾಷೆಗಳಲ್ಲಿ ಮನೆಮಾತಾಯಿತು. ಅರಬ್ಬಿಯನ್ನು ಕಲಿತು ಕುರಾನವನ್ನು ಮೂಲದಲ್ಲಿಯೇ ಓದಿದರು. ವೇಲೂರಿನ ಸೆರೆಮನೆಯಲ್ಲಿದ್ದಾಗ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಕಲಿತರು. ಸರಕಾರವು ಶಿಕ್ಷೆಗೆಂದು ಕಳಿಸಿದ ಸ್ಥಳವನ್ನು ಅವರು ವಿದ್ಯಾಲಯವನ್ನಾಗಿ ಮಾಡಿಕೊಂಡರು.

ಕರ್ಮದ ಭಾಗವನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1921ರ ಏಪ್ರಿಲದಲ್ಲಿ ಗಾಂಧಿಯವರ ಅಪ್ಪಣೆಯಂತೆ ವರ್ಧೆಗೆ ಹೋಗಿ ಅಲ್ಲಿಯ ಆಶ್ರಮದ ಭಾರವನ್ನು ಹೊತ್ತರು. ನೂಲುವದು, ನೇಯುವದು, ಕಕ್ಕಸುಗಳನ್ನು ಬಳಿಯುವದು ಇವೆಲ್ಲವುಗಳಲ್ಲಿಯೂ ಗಣಿತಜ್ಞನ ಸೂಕ್ಷ್ಮತೆಯಿಂದ ಪ್ರಯೋಗ ನಡೆಸಿದರು. ದಿನವಿಡೀ ನೂತು ಬಂದ ಕೂಲಿಯಿಂದಲೇ ಹೊಟ್ಟೆ ಹೊರೆಯುವದು ಸಾಧ್ಯವೋ ಎಂದು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ ನೋಡಿದರು. 1925ರಲ್ಲಿ ವೈಕಂ ಸತ್ಯಾಗ್ರಹವನ್ನು ನೋಡಿಬರುವದಕ್ಕೆ ಗಾಂಧಿಯವರು ಅವರನ್ನು ಕಳಿಸಿದರು. 1938ರಿಂದ ಧಾಮ ನದಿಯ ದಂಡೆಯ ಪವನಾರವು ಅವರ ನೆಲೆಯಾಯಿತು. 1940ರ ಅಕ್ಟೋಬರ 17ರಂದು ವೈಯಕ್ತಿಕ ಸತ್ಯಾಗ್ರಹವು ಆರಂಭವಾದಾಗ, ಗಾಂಧಿಯವರು ದೇಶದ ಸಮಸ್ತ ನಾಯಕರನ್ನು ಬಿಟ್ಟು ಮೊದಲನೆಯ ಸತ್ಯಾಗ್ರಹಿಯಾಗಿ ವಿನೋಬಾರನ್ನು ಆರಿಸಿದರು. ಜವಾಹರಲಾಲರದು ಎರಡನೆಯ ಸ್ಥಾನವು. ಅಂದಿನ ವರೆಗೆ ಅವರ ಹೆಸರನ್ನು ಕೇಳದಿದ್ದ ಜನರೇ ಹೆಚ್ಚು. ಕಾಲೇಜನ್ನು ಬಿಟ್ಟ ತರುವಾಯದ ಇಪ್ಪತ್ತನಾಲ್ಕು ವರ್ಷಗಳು ಲೋಕದ ಕಣ್ಣಿಗೆ ಬೀಳದೆ ಕಳೆದಿದ್ದುವೆಂಬದನ್ನು, ಬೇಗನೆ ಹೆಸರು ಪಡೆಯಬೇಕೆಂದು ಕಾಲೇಜನ್ನು ಬಿಡಬಯಸುವ ತರುಣರು ಗಮನಿಸಬೇಕು.

1951ರ ಏಪ್ರಿಲ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂಮಿಯಿಲ್ಲದ ಹರಿಜನರಿಗಾಗಿ 100 ಎಕರೆ ದಾನವು ದೊರೆತು ಭೂದಾನ ಚಳವಳಿಯು ಹುಟ್ಟಿತು. ಮುಂದೆ ಹದಿಮೂರು ವರ್ಷಗಳ ಕಾಲ ಅವರು ದೇಶವನ್ನು ಕಾಲ್ನಡಿಗೆಯಿಂದ ಸುತ್ತಿದರು. 1957ರಲ್ಲಿ ನಮ್ಮ ನಾಡಿಗೂ ಬಂದರು. ಆ ಸಪ್ಟೆಂಬರದಲ್ಲಿ ಮೈಸೂರಿನ ಬಳಿಯ ಯೆಲವಾಲದಲ್ಲಿ ರಾಷ್ಟ್ರಪತಿಗಳೂ ಪ್ರಧಾನಮಂತ್ರಿಗಳೂ ಬೇರೆಬೇರೆ ಪಕ್ಷಗಳ ಮುಖಂಡರೂ ಗ್ರಾಮದಾನವನ್ನು ಕುರಿತು ಆಲೋಚಿಸಲು ಅವರ ಸುತ್ತ ಕೂಡಿದರು. ದಾನವಾಗಿ ಬಂದ ಭೂಮಿಯು 40 ಲಕ್ಷ ಎಕರೆಗಳನ್ನು ಮೀರಿತು. ಆದರೆ ಅದರಲ್ಲಿ ಬಹುಭಾಗವು ಉಳುಮೆಗೆ ಬಾರದ ನೆಲವಾಗಿತ್ತು. ಎಷ್ಟೋ ಭೂಮಿಯು ಬಡವನ ಕೈಗೆ ಮುಟ್ಟಲೇ ಇಲ್ಲ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ತಳೆದ ನಿಲುವನ್ನು ಅವರ ಭಕ್ತರಲ್ಲಿಯೂ ಅನೇಕರು ಒಪ್ಪಲಿಲ್ಲ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂತಹ ಸಂಗತಿಗಳನ್ನು ಮುಚ್ಚಿಡುವದು ಅವರಿಗೂ ವಾಚಕರಿಗೂ ಅಪಚಾರವೆಂದು ನಮ್ಮ ಅಭಿಪ್ರಾಯ. 1982ರ ನವೆಂಬರ 15ರಂದು ಪವನಾರದಲ್ಲಿ ಅನ್ನ, ನೀರು, ಔಷಧಗಳನ್ನು ತ್ಯಜಿಸಿ ಅವರು ದೇಹವನ್ನು ಬಿಟ್ಟರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಿನೋಬಾರ ಈ ದೃಷ್ಟಾಂತದಿಂದ ವಿದ್ಯಾರ್ಥಿಯು ಕಾಲೇಜನ್ನು ಬಿಡಬೇಕೆಂದು ಸಿದ್ಧವಾಗುವದೆ? ಹಾಗೆ ನಾವು ಹೇಳಲಾರೆವು. 1920ರ ಅಸಹಕಾರದ ಕಾಲದಲ್ಲಿ ಸಾವಿರಾರು ವಿದ್ಯಾರ್ಥಿಗಳು ಗಾಂಧಿಯವರ ಕರೆಯಂತೆ ಸರಕಾರದ ಶಾಲೆ ಕಾಲೇಜುಗಳನ್ನು ಬಿಟ್ಟು ಹೊರಗೆ ಬಂದರು. ಅವರಿಗಾಗಿ ಗುಜರಾತ ವಿದ್ಯಾಪೀಠ, ಕಾಶಿ ವಿದ್ಯಾಪೀಠ, ಬಿಹಾರ ವಿದ್ಯಾಪೀಠ, ಜಾಮಿಯಾ ಮಿಲ್ಲಿಯಾ ಮೊದಲಾದ ರಾಷ್ಟ್ರೀಯ ಸಂಸ್ಥೆಗಳು ಹುಟ್ಟಿದುವು. ಅಂದೇ ಕವಿ ರವೀಂದ್ರನಾಥರು ಈ ಬಹಿಷ್ಕಾರವನ್ನು ಕುರಿತು ತಮ್ಮ ಆತಂಕವನ್ನು ಬಹಿರಂಗವಾಗಿ ತಿಳಿಸಿದರು. ಪಂಡಿತ ಮಾಲವೀಯರು ಕಾಶಿಯ ವಿಶ್ವವಿದ್ಯಾಲಯವನ್ನು ಬರಿದು ಮಾಡಲು ಒಪ್ಪಲಿಲ್ಲ. 1922ರಲ್ಲಿ ಚಳವಳಿಯು ನಿಂತಾಗ ಬಿಟ್ಟುಬಂದವರಲ್ಲಿ ಅನೇಕರು ತಲೆತಗ್ಗಿಸಿಕೊಂಡು ಹಳೆಯ ಬೆಂಚುಗಳಿಗೇ ತಿರುಗಿದರು. ಅವರ ದೇಶಭಕ್ತಿಯಲ್ಲಿ ಕೊರತೆಯಿತ್ತೆಂದು ಅನ್ನುವದು ಅನ್ಯಾಯವು. ಬಿಡುವದಕ್ಕೆ ಬೇಕಾದ ಉತ್ಸಾಹವು ಅವರಲ್ಲಿತ್ತು. ಬಿಟ್ಟ ಮೇಲೆ ಹಿಡಿಯತಕ್ಕ ವ್ರತವು ಇನ್ನೂ ಗೊತ್ತಾಗಿರಲಿಲ್ಲ.

ಅದೇ ಸಮಯದಲ್ಲಿ ಕಾಲೇಜನ್ನು ಬಿಟ್ಟ ಇನ್ನೊಬ್ಬರೆಂದರೆ ಜಯಪ್ರಕಾಶ ನಾರಾಯಣರು. 1921ರಲ್ಲಿ ಪರೀಕ್ಷೆಗೆ ಕೆಲವೇ ದಿನಗಳಿರುವಾಗ ಮೌಲಾನಾ ಆಜಾದರ ಭಾಷಣವನ್ನು ಕೇಳಿ ಪಾಟ್ಣಾ ಕಾಲೇಜಿನಿಂದ ಹೊರಬಿದ್ದರು; ಬಿಹಾರ ವಿದ್ಯಾಪೀಠದಲ್ಲಿ ಓದಿದರು. ಮುಂದಿನ ವಿದ್ಯೆಗೆ ಅಲ್ಲಿ ಅನುಕೂಲವಿಲ್ಲದಿರಲು, ಸರಕಾರದ ಹಂಗಿನ ವಿದ್ಯಾಲಯಗಳನ್ನು ಸೇರಲೊಲ್ಲದೆ, 1922ರಲ್ಲಿ ಅಮೇರಿಕಕ್ಕೆ ಹೋಗಿ ತೋಟಗಳಲ್ಲಿಯೂ ಕಾರಖಾನೆಗಳಲ್ಲಿಯೂ ಹೊಟೇಲುಗಳಲ್ಲಿಯೂ ದುಡಿದು ಪದವಿಗಳನ್ನು ಸಂಪಾದಿಸಿ 1929ರಲ್ಲಿ ತಿರುಗಿ ಬಂದರು. ವಿನೋಬಾರಿಗೆ ಪದವಿಯು ಬೇಡವಾಗಿತ್ತು. ಜಯಪ್ರಕಾಶರಿಗೆ ಪದವಿ ಬೇಕಾಗಿತ್ತು, ಹಂಗು ಬೇಡವಾಗಿತ್ತು. ದಾರಿಗಳು ಬೇರೆಯಾದರೂ ಇಬ್ಬರೂ ವಿದ್ಯೆಯನ್ನು ಬಿಡಲಿಲ್ಲವೆಂಬದೇ ಇಲ್ಲಿಯ ತಾತ್ಪರ್ಯವು. ಗಾಂಧಿಯವರು ತಾವಾದರೂ 1888ರಲ್ಲಿ ಭಾವನಗರದ ಸಾಮಲದಾಸ ಕಾಲೇಜಿನಲ್ಲಿ ಒಂದು ಅವಧಿಯನ್ನು ಮಾತ್ರ ಕಳೆದು, ಪಾಠಗಳು ತಲೆಗೆ ಹತ್ತದೆ ಊರಿಗೆ ತಿರುಗಿದವರು. ಅಲ್ಲಿಂದ ಅವರು ಹೋದುದು ವಿಲಾಯತಿಯ ಇನ್ನೊಂದು ಅಭ್ಯಾಸಕ್ಕೆ.

ಆದುದರಿಂದ ಕಾಲೇಜನ್ನು ಬಿಡಲೋ ಬೇಡವೋ ಎಂದು ತೊಳಲುವ ತರುಣನು ಬಿಡುವ ಮೊದಲು ತನ್ನನ್ನು ತಾನು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ತಾನು ಓಡಿಹೋಗುತ್ತಿರುವದು ಕಠಿಣವಾದ ಪಾಠದಿಂದಲೋ, ಅಥವಾ ಅದಕ್ಕಿಂತ ಕಠಿಣವಾದ ಪಾಠದ ಕಡೆಗೋ? ಗಂಟೆ ಬಾರಿಸುವವರೂ ಹಾಜರಿ ಹಿಡಿಯುವವರೂ ಇಲ್ಲದಿರುವಾಗ ಬೆಳಗಿನಲ್ಲೆದ್ದು ಕೆಲಸಕ್ಕೆ ಕೂಡುವ ಶಕ್ತಿಯು ತನ್ನಲ್ಲಿರುವದೋ? ಎರಡು ರೂಪಾಯಿಯಲ್ಲಿ ತಿಂಗಳನ್ನು ಕಳೆಯುವ ಪ್ರಸಂಗವು ಬಂದರೆ ಮುಖ ಬಾಡಿಸದೆ ಕಳೆಯಬಲ್ಲೆನೋ? ತನ್ನ ನಿರ್ಧಾರದ ಭಾರವನ್ನು ತಾನೇ ಹೊರುವೆನೋ, ಇಲ್ಲವೆ ಮುಪ್ಪಿನ ತಂದೆಯ ಹೆಗಲ ಮೇಲೆ ಹೇರುವೆನೋ? ವಿನೋಬಾರು ಕಾಶಿಗೆ ಹೋದ ಮೇಲೆ ತಮ್ಮ ಹೊಟ್ಟೆಗಾಗಿ ಮನೆಗೆ ಬರೆಯಲಿಲ್ಲ. ಈ ಪ್ರಶ್ನೆಗಳಿಗೆ ಮನಃಸಾಕ್ಷಿಯಾಗಿ ಉತ್ತರ ದೊರೆಯದಿದ್ದರೆ ಕಾಲೇಜಿನಲ್ಲಿಯೇ ಇದ್ದು, ಅಲ್ಲಿ ಸಿಗುವದನ್ನು ಮನಸ್ಸಿಟ್ಟು ಕಲಿಯುವದೇ ಪುರುಷಾರ್ಥವು. ಉಳಿಯುವದರಲ್ಲಿ ಹೇಡಿತನವಿಲ್ಲ. ಬರಿಯ ಅಭ್ಯಾಸಬಲದಿಂದ ಉಳಿಯುವದೂ ಬರಿಯ ಬೇಸರದಿಂದ ಬಿಡುವದೂ ಎರಡೂ ಸಮಾನವಾಗಿ ನಿಷ್ಫಲವಾದುವು.

ಹಿರಿಯರಿಗೂ ಒಂದು ಮಾತು ಇದೆ. ನರಹರಿಪಂತರು ಕೆಟ್ಟ ತಂದೆಯಾಗಿರಲಿಲ್ಲ. ತಾವು ಕಂಡ ಉತ್ತಮವಾದುದನ್ನೇ ಮಗನಿಗೆ ಬಯಸಿದರು. ಆದರೆ ಮಗನ ಒಲವು ಯಾವುದೆಂಬದನ್ನು ಅವರ ಲೆಕ್ಕಾಚಾರವು ಎಣಿಕೆಗೆ ತಂದಿರಲಿಲ್ಲ. ತಾಯಿಯು ಮಗನ ಸಿದ್ಧಾಂತಗಳನ್ನೆಲ್ಲ ತಿಳಿದಿರಲಿಕ್ಕಿಲ್ಲ, ಮಗನನ್ನು ತಿಳಿದಿದ್ದಳು. ಒಲೆಯ ಮುಂದೆ ಒಂದು ಎಚ್ಚರಿಕೆಯ ಮಾತನ್ನು ಆಡಿದಳು, ಕೈ ಹಿಡಿದು ತಡೆಯಲಿಲ್ಲ. ತನ್ನ ಅನುಭವವನ್ನು ಮಗನ ಮುಂದಿಡುವದು ಹಿರಿಯರ ಹಕ್ಕು ಮತ್ತು ಕರ್ತವ್ಯವು. ಅದರಾಚೆಗೆ ಮಗನ ಬಾಳು ಮಗನದು. ಮೊದಲನೆಯ ಮಗನ ದಾರಿಯನ್ನು ತಡೆಯಲಾಗದ ಆ ಮನೆಯಿಂದ ಬಾಲಕೃಷ್ಣ, ಶಿವಾಜಿ ಎಂಬ ಇನ್ನಿಬ್ಬರು ತಮ್ಮಂದಿರೂ ಅದೇ ಬ್ರಹ್ಮಚರ್ಯದ ಮತ್ತು ಸೇವೆಯ ದಾರಿಯನ್ನು ಹಿಡಿದರು. ಹಾಗಿದ್ದೂ ಆ ತಾಯಿತಂದೆಗಳ ಸಂಸಾರವು ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ವಿನೋಬಾರು ತೀರಿಕೊಂಡ ಮರುವರ್ಷ, 1983ರಲ್ಲಿ, ಭಾರತ ಸರಕಾರವು ಅವರಿಗೆ ಭಾರತರತ್ನವೆಂಬ ಅತ್ಯುನ್ನತ ಗೌರವವನ್ನು ಸಲ್ಲಿಸಿತು. ಅದನ್ನು ಕೈಗೆ ತೆಗೆದುಕೊಳ್ಳುವದಕ್ಕೆ ಅವರು ಇರಲಿಲ್ಲ. ಇಂದು ನಮ್ಮ ನಾಡಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಪದವೀಧರರಿಗೂ ಕೊರತೆಯಿಲ್ಲ. ಕಲಿಯುವದನ್ನು ಸಾಯುವ ವರೆಗೂ ನಿಲ್ಲಿಸದ ವಿದ್ಯಾರ್ಥಿಗಳು ಮಾತ್ರ ಎಲ್ಲ ಕಾಲದಲ್ಲಿಯೂ ವಿರಳರು. ಅಂತಹ ವಿದ್ಯಾರ್ಥಿಯು ಕಾಲೇಜಿನ ಒಳಗಿದ್ದರೆ ಕಾಲೇಜಿಗೆ ಭೂಷಣವು. ಹೊರಗೆ ಹೋದರೆ ದೇಶಕ್ಕೆ ಭೂಷಣವು. ತಮ್ಮ ಮಕ್ಕಳಲ್ಲಿ ಅಂತಹನೊಬ್ಬನು ಇರುವನೋ ಎಂದು ಹಿರಿಯರು ಮೊದಲು ನೋಡಲಿ. ಪರೀಕ್ಷೆಯ ಫಲಿತಾಂಶವನ್ನು ಆಮೇಲೆ ನೋಡಿದರೂ ನಡೆದೀತು.